ಎಕ್ಸ್‌ರೇ ಕೋಣೆಯಲ್ಲಿ ದುಡಿಯುವವರ ಅರಿವು

ಪ್ರತಿವರ್ಷ ನವೆಂಬರ್ 8ನ್ನು ಜಗತ್ತಿನ ಆಸ್ಪತ್ರೆಗಳು ಎಕ್ಸ್‌ರೇ ವಿಭಾಗದವರ ದಿನವೆಂದು ಆಚರಿಸುತ್ತವೆ. 1895ರ ಆ ದಿನ ಜರ್ಮನಿಯ ವೂರ್ಟ್ಸ್‌ಬರ್ಗ್ ಪಟ್ಟಣದ ಪ್ರಾಧ್ಯಾಪಕ ವಿಲ್ಹೆಲ್ಮ್ ರಾಂಟ್ಜೆನ್ ಕತ್ತಲೆ ಕೋಣೆಯಲ್ಲಿ ಕಣ್ಣಿಗೆ ಕಾಣದ ಕಿರಣವೊಂದನ್ನು ಕಂಡುಹಿಡಿದರು. ಅದೇನೆಂದು ತಮಗೇ ತಿಳಿಯದ ಕಾರಣ ಗಣಿತದಲ್ಲಿ ತಿಳಿಯದ ಸಂಖ್ಯೆಗೆ ಇಡುವ 'ಎಕ್ಸ್' ಎಂಬ ಅಕ್ಷರವನ್ನೇ ಅದಕ್ಕೂ ಹೆಸರಾಗಿ ಇಟ್ಟರು. ನಮ್ಮ ಹಳೆಯ ಪಠ್ಯಪುಸ್ತಕಗಳು ಅದನ್ನು ಕ್ಷ-ಕಿರಣವೆಂದು ಕರೆದವು. ಆ ಕಿರಣದ ಗುಣವೇನು, ಅವಗುಣವೇನು ಎಂಬುದು ವಿಜ್ಞಾನಿಗಳಿಗೆ ಈಗ ಚೆನ್ನಾಗಿ ತಿಳಿದಿದೆ. ಆದರೆ ಅದನ್ನು ಹೊರಸೂಸುವ ಯಂತ್ರದ ಪಕ್ಕದಲ್ಲಿ ಬೆಳಗಿನಿಂದ ಸಂಜೆಯ ತನಕ ನಿಂತು ದುಡಿಯುವ ನರ್ಸು, ಆಯಾ, ಅಟೆಂಡರ್ ಮತ್ತು ಟೆಕ್ನಿಷಿಯನ್‌ಗಳಿಗೆ ಅದು ಎಷ್ಟರಮಟ್ಟಿಗೆ ತಿಳಿದಿದೆ ಎಂಬ ಪ್ರಶ್ನೆಯನ್ನು ನಾವಿಂದು ಎತ್ತಬಯಸುತ್ತೇವೆ.

ಈ ಪ್ರಶ್ನೆ ನಮ್ಮ ಓದುಗರ ಮನೆಗಳಿಗೆ ದೂರದ್ದಲ್ಲ. ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಹತ್ತನೆಯ ತರಗತಿ ಮುಗಿಸಿದ ಹೆಣ್ಣುಮಕ್ಕಳಲ್ಲಿ ಅನೇಕರು ನರ್ಸಿಂಗ್ ಕಲಿತು ಮಂಗಳೂರಿಗೂ ಕೊಲ್ಲಿ ರಾಷ್ಟ್ರಗಳಿಗೂ ಹೋಗುತ್ತಾರೆ. ಗಂಡುಮಕ್ಕಳಲ್ಲಿ ಕೆಲವರು ಎಕ್ಸ್‌ರೇ ಟೆಕ್ನಿಷಿಯನ್ ತರಬೇತಿ ಪಡೆಯುತ್ತಾರೆ. ಯಾವ ತರಬೇತಿಯೂ ಇಲ್ಲದೆ ಖಾಸಗಿ ಆಸ್ಪತ್ರೆಗಳಲ್ಲಿ ಸಹಾಯಕರಾಗಿ ಸೇರಿಕೊಂಡವರೂ ಇಲ್ಲದಿಲ್ಲ. ಒಂದು ಕಾಲಕ್ಕೆ ಎಕ್ಸ್‌ರೇ ತೆಗೆಸಬೇಕಾದರೆ ಬೆಳಗ್ಗಿನ ಬಸ್ಸು ಹಿಡಿದು ಮಂಗಳೂರಿಗೆ ಹೋಗಿ ಸಂಜೆ ಮರಳಬೇಕಾಗಿತ್ತು. ಇಂದು ಸಣ್ಣ ಪೇಟೆಗಳಲ್ಲೂ ಆ ಸೌಕರ್ಯ ಬಂದಿದೆ. ಅದು ಸಂತೋಷದ ವಿಚಾರವೇ. ಯಂತ್ರಗಳು ಬಂದಷ್ಟು ವೇಗವಾಗಿ ಅವುಗಳ ಕುರಿತ ತಿಳಿವಳಿಕೆ ಬಂದಿದೆಯೇ ಎಂದು ಕೇಳಿದರೆ ಮಾತ್ರ ಹೌದೆನ್ನಲು ನಾಲಗೆ ಏಳುವುದಿಲ್ಲ.

ತಿಳಿಯದೆ ಕೆಲಸ ಮಾಡಿದವರಿಗೆ ಏನಾಯಿತೆಂಬುದಕ್ಕೆ ಇತಿಹಾಸವೇ ಸಾಕ್ಷಿ. ಅಮೆರಿಕದ ಪ್ರಸಿದ್ಧ ಸಂಶೋಧಕ ಥಾಮಸ್ ಎಡಿಸನ್ನರ ಸಹಾಯಕನಾಗಿದ್ದ ಕ್ಲಾರೆನ್ಸ್ ಡಾಲಿ ಎಂಬಾತ ಎಕ್ಸ್‌ರೇ ಕೊಳವೆ ಸರಿಯಾಗಿದೆಯೇ ಎಂದು ನೋಡಲು ತನ್ನ ಕೈಯನ್ನೇ ಮತ್ತೆ ಮತ್ತೆ ಅದಕ್ಕೆ ಒಡ್ಡುತ್ತಿದ್ದ. ಮೊದಲು ಚರ್ಮ ಸುಟ್ಟಿತು, ಬಳಿಕ ಹುಣ್ಣಾಯಿತು, ಹುಣ್ಣು ಅರ್ಬುದವಾಯಿತು. ಕೈಗಳನ್ನು ಕತ್ತರಿಸಿ ತೆಗೆದರೂ ಜೀವ ಉಳಿಯಲಿಲ್ಲ. 1904ರಲ್ಲಿ, ನಲವತ್ತು ತುಂಬುವ ಮೊದಲೇ ಆತ ತೀರಿಕೊಂಡ. ಎಡಿಸನ್ ಆ ಕೆಲಸವನ್ನೇ ಕೈಬಿಟ್ಟರು. ರೇಡಿಯಂ ಕಂಡುಹಿಡಿದ ಮೇರಿ ಕ್ಯೂರಿ 1934ರಲ್ಲಿ ಮಜ್ಜೆ ಬತ್ತಿ ರಕ್ತ ಹುಟ್ಟದಾಗುವ ರೋಗದಿಂದ ತೀರಿಕೊಂಡರು. ಎಕ್ಸ್‌ರೇ ಮತ್ತು ರೇಡಿಯಂ ಕೆಲಸದಲ್ಲಿ ಪ್ರಾಣ ತೆತ್ತ ನೂರಕ್ಕೂ ಹೆಚ್ಚು ವೈದ್ಯರು, ದಾದಿಯರು, ಸಹಾಯಕರ ಹೆಸರು ಕೊರೆದ ಸ್ಮಾರಕವನ್ನು 1936ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಆಸ್ಪತ್ರೆಯೊಂದರ ಅಂಗಳದಲ್ಲಿ ನಿಲ್ಲಿಸಿದರು. ಅವರು ಅಜಾಗರೂಕರಾಗಿದ್ದರೆಂದು ಹೇಳುವಂತಿಲ್ಲ. ಅವರ ಕಾಲಕ್ಕೆ ಯಾರಿಗೂ ತಿಳಿದಿರಲಿಲ್ಲ. ನಮ್ಮ ಕಾಲಕ್ಕೆ ಆ ಸಬೂಬು ಇಲ್ಲ.

ಹೀಗೆಂದಾಕ್ಷಣ ಓದುಗರು ಎಕ್ಸ್‌ರೇ ಎಂದರೆ ಗುಮ್ಮ ಎಂದು ಭಾವಿಸಬಾರದು. ಲೆಕ್ಕವನ್ನು ಸ್ವಲ್ಪ ನೋಡೋಣ. ವಿಕಿರಣವು ದೇಹದ ಮೇಲೆ ಮಾಡುವ ಪರಿಣಾಮವನ್ನು ಅಳೆಯುವ ಮಾನ ಮಿಲಿಸೀವರ್ಟ್. ಮಣ್ಣು, ಕಲ್ಲು, ಗಾಳಿ, ಆಕಾಶಗಳಿಂದ ಭೂಮಿಯ ಮೇಲಿನ ಪ್ರತಿಯೊಬ್ಬನಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್‌ನಷ್ಟು ವಿಕಿರಣ ತಾನಾಗಿಯೇ ಸಿಗುತ್ತದೆ. ಎದೆಯ ಒಂದು ಎಕ್ಸ್‌ರೇಯಿಂದ ರೋಗಿಗೆ ಸಿಗುವುದು ಅದರ ಒಂದು ಸಣ್ಣ ಅಂಶ, ಮಿಲಿಸೀವರ್ಟಿನ ಹತ್ತನೆಯ ಒಂದು ಪಾಲನ್ನೂ ಸಾಮಾನ್ಯವಾಗಿ ಮೀರುವುದಿಲ್ಲ. ಹೊಟ್ಟೆಯ ಸಿ.ಟಿ. ಸ್ಕ್ಯಾನ್‌ನ ಮಾತು ಬೇರೆ. ಅದೊಂದರಲ್ಲೇ ಹತ್ತು ಮಿಲಿಸೀವರ್ಟಿನ ಹತ್ತಿರ ಹತ್ತಿರ ಸಿಗುತ್ತದೆ, ಎಂದರೆ ಎದೆಯ ಎಕ್ಸ್‌ರೇಯ ನೂರು ಪಟ್ಟಿಗೂ ಹೆಚ್ಚು. ನಮ್ಮದೇ ರಾಜ್ಯದ ಕೊಲ್ಲಂ ಜಿಲ್ಲೆಯ ಚವರ, ಕರುನಾಗಪಳ್ಳಿ ಕಡಲತೀರದ ಕರಿಮರಳಿನಲ್ಲಿ ಥೋರಿಯಂ ಇರುವುದರಿಂದ ಅಲ್ಲಿನ ಜನರಿಗೆ ಸ್ವಾಭಾವಿಕವಾಗಿಯೇ ಇತರ ಕಡೆಗಿಂತ ಹಲವು ಪಟ್ಟು ಹೆಚ್ಚು ವಿಕಿರಣ ತಾಗುತ್ತದೆ. ಅನೇಕ ವರ್ಷಗಳ ಕಾಲ ನಡೆಸಿದ ಅಧ್ಯಯನದಲ್ಲಿ ಅವರಿಗೆ ಅದರಿಂದ ಅರ್ಬುದರೋಗ ಹೆಚ್ಚಿದ್ದು ಕಂಡುಬಂದಿಲ್ಲ. ಆದುದರಿಂದ ವೈದ್ಯರು ಅಗತ್ಯವೆಂದು ಬರೆದುಕೊಟ್ಟ ಎಕ್ಸ್‌ರೇಗೆ ಹೆದರಿ ಚಿಕಿತ್ಸೆ ತಪ್ಪಿಸಿಕೊಳ್ಳುವುದು ಮೂರ್ಖತನ.

ಆದರೆ ರೋಗಿಯ ಸ್ಥಿತಿ ಬೇರೆ, ಸಿಬ್ಬಂದಿಯ ಸ್ಥಿತಿ ಬೇರೆ. ರೋಗಿ ವರ್ಷಕ್ಕೊಮ್ಮೆ ಬಂದು ಹೋಗುತ್ತಾನೆ. ಸಿಬ್ಬಂದಿ ದಿನಕ್ಕೆ ಹತ್ತಾರು ಸಲ, ವರ್ಷಕ್ಕೆ ಮುನ್ನೂರು ದಿನ, ಮೂವತ್ತು ವರ್ಷ ಅಲ್ಲಿಯೇ ಇರುತ್ತಾರೆ. ಹನಿ ಹನಿ ಕೂಡಿ ಹಳ್ಳವಾಗುವ ಲೆಕ್ಕ ಅವರದು. ಅದಕ್ಕಾಗಿಯೇ ಭಾರತದಲ್ಲಿ ವಿಕಿರಣದ ಕೆಲಸಗಾರರಿಗೆ ಮಿತಿಯೊಂದನ್ನು ಕಟ್ಟಿದ್ದಾರೆ. ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30ಕ್ಕಿಂತ ಮೇಲೆ ಹೋಗಕೂಡದು. ಸಾರ್ವಜನಿಕರಿಗಾದರೆ ವರ್ಷಕ್ಕೆ 1. ಸರಿಯಾಗಿ ನಡೆಯುವ ಎಕ್ಸ್‌ರೇ ವಿಭಾಗದಲ್ಲಿ ಸಿಬ್ಬಂದಿಗೆ ಈ ಮಿತಿಯ ಸಣ್ಣ ಅಂಶವೂ ತಾಗುವುದಿಲ್ಲ. 'ಸರಿಯಾಗಿ ನಡೆಯುವ' ಎಂಬ ಮಾತಿನ ಮೇಲೆಯೇ ಎಲ್ಲ ನಿಂತಿದೆ.

ಸರಿಯಾಗಿ ನಡೆಸುವುದೇನೂ ಬ್ರಹ್ಮವಿದ್ಯೆಯಲ್ಲ. ಕಿರಣದ ಬಳಿ ಇರುವ ಹೊತ್ತನ್ನು ಕಡಿಮೆ ಮಾಡಬೇಕು, ಅದರಿಂದ ದೂರ ನಿಲ್ಲಬೇಕು, ನಡುವೆ ಸೀಸದ ಅಥವಾ ಗೋಡೆಯ ಮರೆ ಇರಬೇಕು. ಈ ಮೂರರಲ್ಲಿ ದೂರ ನಿಲ್ಲುವುದಕ್ಕೆ ಒಂದು ಕಾಸೂ ಖರ್ಚಿಲ್ಲ. ದೀಪದಿಂದ ದೂರ ಹೋದಂತೆ ಪುಸ್ತಕದ ಮೇಲೆ ಬೆಳಕು ಮಂಕಾಗುವುದನ್ನು ಕಂಡ ಯಾವ ವಿದ್ಯಾರ್ಥಿಗೂ ಇದು ತಿಳಿಯಬೇಕು. ಒಂದು ಮೀಟರಿನಲ್ಲಿ ನಿಂತವನು ಎರಡು ಮೀಟರಿಗೆ ಸರಿದರೆ ಅವನಿಗೆ ತಾಗುವುದು ನಾಲ್ಕನೆಯ ಒಂದು ಪಾಲು. ಮೂರು ಮೀಟರಿಗೆ ಸರಿದರೆ ಒಂಬತ್ತನೆಯ ಒಂದು ಪಾಲು. ವಾರ್ಡಿನಲ್ಲಿ ಏಳಲಾಗದ ರೋಗಿಯ ಹಾಸಿಗೆಯ ಬಳಿಗೆ ಗಾಲಿಯ ಮೇಲಿನ ಎಕ್ಸ್‌ರೇ ಯಂತ್ರವನ್ನು ತಳ್ಳಿಕೊಂಡು ಬಂದಾಗ ನರ್ಸು ಎರಡು ಹೆಜ್ಜೆ ಹಿಂದೆ ಸರಿಯುವುದೋ ಅಲ್ಲೇ ನಿಲ್ಲುವುದೋ ಎಂಬುದರಲ್ಲಿ ಇಷ್ಟೊಂದು ವ್ಯತ್ಯಾಸವಿದೆ. ಪಕ್ಕದ ಹಾಸಿಗೆಯ ರೋಗಿಯ ಕಡೆಗೆ ಕೊಳವೆ ತಿರುಗಿದೆಯೇ ಎಂದು ನೋಡುವವರು ಎಷ್ಟು ಮಂದಿ?

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಿಸಿ ಹೇಳಬೇಕಾಗಿದೆ. ಕಿರಣ ಕೊಳವೆಯಿಂದ ನೇರವಾಗಿ ಫಿಲ್ಮಿಗೆ ಬಡಿದು ಮುಗಿಯಿತು, ಬದಿಯಲ್ಲಿ ನಿಂತವರಿಗೆ ಏನೂ ಇಲ್ಲ ಎಂದು ಎಣಿಸುವವರಿದ್ದಾರೆ. ಹಾಗಲ್ಲ. ಕಿರಣ ರೋಗಿಯ ದೇಹಕ್ಕೆ ಬಡಿದು ಎಲ್ಲ ದಿಕ್ಕಿಗೂ ಚೆದರುತ್ತದೆ. ಹಂಚಿನ ಮೇಲೆ ಬಿದ್ದ ಮಳೆಹನಿ ಸಿಡಿದು ಜಗಲಿಯಲ್ಲಿ ಕುಳಿತವರನ್ನು ಒದ್ದೆ ಮಾಡುವಂತೆ. ರೋಗಿಯಿಂದ ಒಂದು ಮೀಟರ್ ದೂರದಲ್ಲಿ ಈ ಚೆದರಿದ ಕಿರಣ ಮೂಲದ ಸುಮಾರು ಸಾವಿರದ ಒಂದು ಪಾಲು. ಒಂದು ಚಿತ್ರಕ್ಕೆ ಅದು ಲೆಕ್ಕಕ್ಕಿಲ್ಲ. ಆದರೆ ಮೂಳೆ ಶಸ್ತ್ರಕ್ರಿಯೆಯ ಕೋಣೆಯಲ್ಲಿ ಸಿ-ಆರ್ಮ್ ಯಂತ್ರ ಹಚ್ಚಿ ಪರದೆ ನೋಡುತ್ತ ಮೊಳೆ ಕೂರಿಸುವಾಗ, ಹೃದಯದ ರಕ್ತನಾಳಕ್ಕೆ ನಳಿಗೆ ತೂರಿಸುವ ಕ್ಯಾಥ್‌ಲ್ಯಾಬಿನಲ್ಲಿ, ಕಿರಣ ನಿಮಿಷಗಟ್ಟಲೆ ಹರಿಯುತ್ತದೆ. ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ವೈದ್ಯರಿಗೂ ನರ್ಸುಗಳಿಗೂ ಕಣ್ಣಿನಲ್ಲಿ ಪೊರೆಯ ಮಚ್ಚೆ ಹೆಚ್ಚಾಗಿ ಬರುವುದನ್ನು ಹಲವು ದೇಶಗಳಲ್ಲಿ ಗುರುತಿಸಿದ್ದಾರೆ. ಸಿ-ಆರ್ಮಿನ ಕೊಳವೆ ಮೇಜಿನ ಕೆಳಗಿರಬೇಕು, ಮೇಲಿದ್ದರೆ ಚೆದರಿದ ಕಿರಣ ನಿಂತವರ ಮುಖಕ್ಕೆ ಬರುತ್ತದೆ ಎಂಬ ಇಷ್ಟು ಸಣ್ಣ ವಿಷಯ ಶಸ್ತ್ರಕ್ರಿಯಾ ಕೋಣೆಯ ಪ್ರತಿಯೊಬ್ಬ ಸಹಾಯಕನಿಗೂ ತಿಳಿದಿರಬೇಡವೇ?

ಸೀಸದ ಮೇಲಂಗಿಯ ವಿಚಾರವೂ ಹೀಗೆಯೇ. ಅದು ಭಾರ, ಸೆಕೆಗಾಲದಲ್ಲಿ ಹಿಂಸೆ ಎಂಬುದು ನಿಜ. ಆದರೆ ಅದನ್ನು ಕಂಬಳಿಯಂತೆ ಮಡಚಿ ಮೂಲೆಗೆ ಎಸೆದರೆ ಒಳಗಿನ ಸೀಸದ ಪದರ ಬಿರಿಯುತ್ತದೆ. ಹೊರಗಿನಿಂದ ಬಟ್ಟೆ ಚೆನ್ನಾಗಿಯೇ ಕಾಣುವುದು, ಬಿರುಕಿನ ಮೂಲಕ ಕಿರಣ ಒಳಬರುವುದು. ಅದನ್ನು ಗೂಟಕ್ಕೆ ತೂಗುಹಾಕಬೇಕು, ಆಗಾಗ್ಗೆ ಅದನ್ನೇ ಯಂತ್ರದಡಿ ಇಟ್ಟು ಬಿರುಕಿದೆಯೇ ಎಂದು ಪರೀಕ್ಷಿಸಬೇಕು.

ಇನ್ನು ಎದೆಗೆ ಸಿಕ್ಕಿಸಿಕೊಳ್ಳುವ ಟಿ.ಎಲ್.ಡಿ. ಬ್ಯಾಡ್ಜ್. ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದವರು ರೂಪಿಸಿದ ಇದರೊಳಗೆ ಮೂರು ಸಣ್ಣ ಬಿಲ್ಲೆಗಳಿವೆ. ತಾಗಿದ ವಿಕಿರಣವನ್ನು ಅವು ನೆನಪಿಟ್ಟುಕೊಂಡು, ಬಿಸಿ ಮಾಡಿದಾಗ ಬೆಳಕಿನ ರೂಪದಲ್ಲಿ ಹೊರಗೆಡಹುತ್ತವೆ. ಎಕ್ಸ್‌ರೇ ವಿಭಾಗದವರ ಬ್ಯಾಡ್ಜನ್ನು ಮೂರು ತಿಂಗಳಿಗೊಮ್ಮೆ ಕಳುಹಿಸಿ ಓದಿಸಬೇಕು. ಇದನ್ನು ಧರಿಸಿದರೆ ವಿಕಿರಣ ತಾಗುವುದಿಲ್ಲವೆಂದು ನಂಬಿದವರೂ ಇದ್ದಾರೆ. ಮಳೆಮಾಪಕ ಇಟ್ಟರೆ ಮಳೆ ನಿಲ್ಲುವುದುಂಟೇ? ಅದು ಲೆಕ್ಕ ಹೇಳುವ ಸಾಧನ, ತಡೆಯುವ ಸಾಧನವಲ್ಲ. ಆ ಲೆಕ್ಕವಾದರೂ ಸರಿಯಾಗಬೇಕಾದರೆ ಅವರವರ ಬ್ಯಾಡ್ಜನ್ನು ಅವರವರೇ, ಎದೆಯ ಮಟ್ಟದಲ್ಲಿ, ಸೀಸದ ಮೇಲಂಗಿಯ ಒಳಗೆ ಧರಿಸಬೇಕು. ಎಕ್ಸ್‌ರೇ ಕೋಣೆಯ ಮೊಳೆಗೆ ತೂಗುಹಾಕಿ ಮನೆಗೆ ಹೋದರೆ ಅದು ಕೋಣೆಯ ಲೆಕ್ಕ ಹೇಳೀತೇ ಹೊರತು ಮನುಷ್ಯನದ್ದಲ್ಲ. ಮೇಜಿನ ಸೆಳೆಖಾನೆಯಲ್ಲಿ ಭದ್ರವಾಗಿಟ್ಟರೆ ಸೆಳೆಖಾನೆಯ ಆರೋಗ್ಯ ಉತ್ತಮವಾಗಿದೆ ಎಂಬ ವರದಿ ಮುಂಬಯಿಯಿಂದ ಬಂದೀತು. ಒಂದು ಬ್ಯಾಡ್ಜನ್ನು ಇಬ್ಬರು ಹಂಚಿಕೊಳ್ಳುವುದು, ವರದಿ ಬಂದರೂ ಸಂಬಂಧಪಟ್ಟವನಿಗೆ ತೋರಿಸದೆ ಕಡತದಲ್ಲಿಡುವುದು ಇವೆಲ್ಲ ಕೆಲಸಗಾರನ ಹಕ್ಕಿನ ಮೇಲೆ ಕೈಹಾಕಿದಂತೆ. ತನಗೆ ತಾಗಿದ್ದೆಷ್ಟು ಎಂದು ಕೇಳಿ ತಿಳಿಯುವ ಹಕ್ಕು ಪ್ರತಿಯೊಬ್ಬ ಕೆಲಸಗಾರನಿಗಿದೆ.

ಅಜ್ಞಾನ ಅಟೆಂಡರ್ ಆಯಾಗಳಿಗಷ್ಟೇ ಮೀಸಲಲ್ಲ. 2003ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪ್ರಕಟಿಸಿದ ವರದಿಯೊಂದರಲ್ಲಿ 130 ಮಂದಿ ವೈದ್ಯರಿಗೆ ಪ್ರಶ್ನೆ ಕೇಳಿದ್ದರು. ತಾವೇ ಬರೆದುಕೊಡುವ ಪರೀಕ್ಷೆಗಳಲ್ಲಿ ರೋಗಿಗೆ ತಾಗುವ ವಿಕಿರಣವನ್ನು ಅವರಲ್ಲಿ ಬಹುತೇಕ ಎಲ್ಲರೂ ಇದ್ದುದಕ್ಕಿಂತ ಬಹಳ ಕಡಿಮೆಯೆಂದು ಅಂದಾಜಿಸಿದರು. ಅಲ್ಟ್ರಾಸೌಂಡ್‌ನಲ್ಲಿ ಇಂತಹ ವಿಕಿರಣವೇ ಇಲ್ಲವೆಂಬುದು ನೂರಕ್ಕೆ 5 ಮಂದಿಗೆ, ಎಂ.ಆರ್.ಐ.ಯಲ್ಲಿ ಇಲ್ಲವೆಂಬುದು ನೂರಕ್ಕೆ 8 ಮಂದಿಗೆ ತಿಳಿದಿರಲಿಲ್ಲ. ಓದಿದವರ ದೇಶದಲ್ಲಿ, ವೈದ್ಯರಲ್ಲೇ ಹೀಗೆ! ದೀಪದ ಬುಡದಲ್ಲಿ ಕತ್ತಲೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಕಲಿತದ್ದು ಹಳತಾಗುವುದೂ ಉಂಟು. ರೋಗಿಯ ಸೊಂಟದ ಕೆಳಗೆ ಸೀಸದ ಹೊದಿಕೆ ಹಾಕುವುದನ್ನು ದಶಕಗಳ ಕಾಲ ಕಡ್ಡಾಯದಂತೆ ಕಲಿಸುತ್ತಿದ್ದರು. ಇಂದಿನ ಯಂತ್ರಗಳಲ್ಲಿ ಅದರಿಂದ ಪ್ರಯೋಜನವಿಲ್ಲ, ಕೆಲವೊಮ್ಮೆ ಚಿತ್ರವೇ ಕೆಟ್ಟು ಮತ್ತೊಮ್ಮೆ ತೆಗೆಯಬೇಕಾಗುತ್ತದೆ ಎಂದು ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2019ರಲ್ಲಿ ಹೇಳಿತು. ಇಪ್ಪತ್ತು ವರ್ಷ ಹಿಂದೆ ಕಲಿತು ಸರ್ಟಿಫಿಕೇಟು ಗೋಡೆಗೆ ಹಾಕಿದವರಿಗೆ ಇದನ್ನು ಹೇಳುವವರಾರು?

ಅರಿವಿಲ್ಲದವರಲ್ಲಿ ಎರಡು ಬಗೆ. ಹಾವನ್ನು ಹಗ್ಗವೆಂದು ಕೈಗೆತ್ತಿಕೊಳ್ಳುವವರು ಒಂದು ಬಗೆ. ಹಗ್ಗವನ್ನು ಕಂಡು ಹಾವೆಂದು ಓಡುವವರು ಇನ್ನೊಂದು ಬಗೆ. ಎಕ್ಸ್‌ರೇ ತೆಗೆದ ಮೇಲೆ ಕೋಣೆಯಲ್ಲಿ ವಿಕಿರಣ ಉಳಿದಿರುತ್ತದೆ ಎಂದು ನೆಲ ಗುಡಿಸಲು ಹೆದರುವವರಿದ್ದಾರೆ. ಸ್ವಿಚ್ಚು ಆರಿಸಿದ ಮೇಲೆ ಬಲ್ಬಿನ ಬೆಳಕು ಕೋಣೆಯಲ್ಲಿ ಉಳಿಯದಂತೆಯೇ ಎಕ್ಸ್‌ರೇಯೂ ಉಳಿಯುವುದಿಲ್ಲ. ಇದಕ್ಕಿಂತ ಗಂಭೀರವಾದುದು ಗರ್ಭಿಣಿಯರ ವಿಚಾರ. ಬಸುರಿಯೆಂದು ತಿಳಿಯುವ ಮೊದಲು ಎದೆಯ ಎಕ್ಸ್‌ರೇ ತೆಗೆಸಿಕೊಂಡ ಹೆಣ್ಣುಮಗಳು ಬಳಿಕ ಗಾಬರಿಯಾಗಿ ಆಸ್ಪತ್ರೆಯವರನ್ನು ಕೇಳಿದರೆ, 'ಮಗುವಿಗೆ ಏನಾದರೂ ಆದರೆ ನಮ್ಮನ್ನು ಕೇಳಬೇಡಿ' ಎಂಬ ಅರೆಮಾತು ಯಾರ ಬಾಯಿಂದಲಾದರೂ ಬಂದರೆ ಸಾಕು, ಆ ಮನೆಯಲ್ಲಿ ಅಂದು ರಾತ್ರಿ ಯಾರಿಗೂ ನಿದ್ದೆಯಿಲ್ಲ. ಎದೆಯ ಎಕ್ಸ್‌ರೇಯಿಂದ ಗರ್ಭಕ್ಕೆ ತಾಗುವುದು ಮಿಲಿಸೀವರ್ಟಿನ ನೂರನೆಯ ಒಂದು ಪಾಲಿಗಿಂತಲೂ ಕಡಿಮೆ. ನೂರು ಮಿಲಿಗ್ರೇ ಪ್ರಮಾಣದ ಒಳಗೆ ವಿಕಿರಣದ ಕಾರಣಕ್ಕಾಗಿ ಗರ್ಭ ತೆಗೆಸುವುದು ಸಮರ್ಥನೀಯವಲ್ಲವೆಂದು ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ 2000ದಲ್ಲಿಯೇ ಸ್ಪಷ್ಟಪಡಿಸಿದೆ. ಸಾಮಾನ್ಯ ಎಕ್ಸ್‌ರೇ ಪರೀಕ್ಷೆಗಳು ಆ ಪ್ರಮಾಣದ ಸಮೀಪಕ್ಕೂ ಬರುವುದಿಲ್ಲ. ಸಿಬ್ಬಂದಿಗೆ ಇದು ತಿಳಿದಿದ್ದರೆ ಒಂದು ಧೈರ್ಯದ ಮಾತಿನಿಂದ ಒಂದು ಜೀವ ಉಳಿದೀತು. ಹಾಗೆಂದು ಬಸುರಿಯರನ್ನು ಕೇಳದೆ ಹೊಟ್ಟೆಯ ಸಿ.ಟಿ. ತೆಗೆಯಬಹುದೆಂದು ಅರ್ಥವಲ್ಲ. ಮೊದಲು ಕೇಳಬೇಕು. ಎಕ್ಸ್‌ರೇ ವಿಭಾಗದಲ್ಲಿ ದುಡಿಯುವ ಹೆಣ್ಣುಮಗಳೂ ತಾನು ಬಸುರಿಯೆಂದು ತಿಳಿದ ಕೂಡಲೇ ಮೇಲಿನವರಿಗೆ ಹೇಳಬೇಕು, ಅದರಿಂದ ಕೆಲಸ ಹೋಗುತ್ತದೆಂಬ ಭಯ ಆಕೆಗೆ ಇರಕೂಡದು.

ಕೇಳುವುದೆಂದರೆ ಯಾವ ಭಾಷೆಯಲ್ಲಿ? ಗಡಿನಾಡಿನವರಾದ ನಮಗೆ ಈ ಪ್ರಶ್ನೆಯನ್ನು ದಾಟಿ ಹೋಗುವಂತಿಲ್ಲ. 'ಗರ್ಭಿಣಿಯರು ಮೊದಲೇ ತಿಳಿಸಬೇಕು' ಎಂಬ ಫಲಕ ಮಲಯಾಳದಲ್ಲಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಕನ್ನಡ ಶಾಲೆಯಲ್ಲಿ ಐದನೆಯ ತರಗತಿ ಕಲಿತು ಬೀಡಿ ಕಟ್ಟಿ ಸಂಸಾರ ಸಾಗಿಸುವ ಮಂಜೇಶ್ವರ ಕಡೆಯ ಹೆಣ್ಣುಮಗಳು ಅದನ್ನು ಓದುವುದು ಹೇಗೆ? ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯೇ ನಮಗೆ ಕೊಟ್ಟಿದೆ. ಕಾಗದಪತ್ರಕ್ಕೆ ಇರುವ ಹಕ್ಕು ಪ್ರಾಣಕ್ಕೆ ಬೇಡವೇ? ನಾವು ಮಲಯಾಳದ ಮೇಲೆ ದ್ವೇಷ ಸಾಧಿಸುತ್ತಿಲ್ಲ. ಮಲಯಾಳದ ಕೆಳಗೆ ಇನ್ನೊಂದು ಸಾಲು ಕನ್ನಡದಲ್ಲಿ ಬರೆಯಲು ಒಂದು ಡಬ್ಬಿ ಬಣ್ಣ ಸಾಕು. ಸಿಬ್ಬಂದಿಯ ತರಬೇತಿಗೂ ಇದೇ ಮಾತು ಸಲ್ಲುತ್ತದೆ. ತಿರುವನಂತಪುರದಿಂದ ಬಂದವರು ಇಂಗ್ಲಿಷಿನಲ್ಲೋ ದಕ್ಷಿಣದ ಮಲಯಾಳದಲ್ಲೋ ಒಂದು ಗಂಟೆ ಉಪನ್ಯಾಸ ಮಾಡಿ ಸಹಿ ಹಾಕಿಸಿಕೊಂಡು ಹೋದರೆ, ತುಳು ಕನ್ನಡ ಮಾತ್ರ ಬಲ್ಲ ಆಯಾ ಚಹಾ ಕುಡಿದು ಹೊರಬರುತ್ತಾಳೆ, ಅಷ್ಟೇ.

ಕಣ್ಣಿಗೆ ಕಾಣದ ವಸ್ತುವಿನ ಕುರಿತು ಜನರಿಗೆ ತಿಳಿಸಿ ಹೇಳದಿದ್ದರೆ ಏನಾಗುತ್ತದೆಂದು ಈ ಜಿಲ್ಲೆಗೆ ಬೇರೆಯವರು ಪಾಠ ಹೇಳಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದ ತನಕ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗ ಎಣ್ಮಕಜೆಯ ಪಡ್ರೆಯವರಿಗೆ ಅದೇನೆಂದು ಮೊದಲೇ ಬಿಡಿಸಿ ಹೇಳಿದವರು ಯಾರು? ಆಸ್ಪತ್ರೆಯ ಎಕ್ಸ್‌ರೇಯನ್ನು ಆ ವಿಷದೊಡನೆ ಹೋಲಿಸುವುದು ಸರಿಯಲ್ಲ. ಇದು ಪ್ರಾಣ ಉಳಿಸುವ ಸಾಧನ. ಆದರೆ 'ಗೊತ್ತಿದ್ದವರು ನೋಡಿಕೊಳ್ಳುತ್ತಾರೆ' ಎಂಬ ನಂಬಿಕೆ ಎರಡು ಕಡೆಯೂ ಒಂದೇ.

ಗೊತ್ತಿದ್ದವರು ನೋಡಿಕೊಳ್ಳದಿದ್ದುದಕ್ಕೆ 2010ರ ದಿಲ್ಲಿಯ ಪ್ರಕರಣ ಸಾಕ್ಷಿ. ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಕೋಬಾಲ್ಟ್-60 ಇರುವ ಯಂತ್ರವನ್ನು ಗುಜರಿಗೆ ಹರಾಜು ಹಾಕಿದರು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಅದನ್ನು ಒಡೆದ ಬಡಪಾಯಿಗಳಲ್ಲಿ ಒಬ್ಬ ಪ್ರಾಣ ಕಳೆದುಕೊಂಡ, ಇನ್ನು ಕೆಲವರು ನರಳಿದರು. 1987ರಲ್ಲಿ ಬ್ರೆಜಿಲ್ ದೇಶದ ಗೊಯಾನಿಯಾ ನಗರದಲ್ಲಿ ಮುಚ್ಚಿಹೋದ ಚಿಕಿತ್ಸಾಲಯದ ಯಂತ್ರದಿಂದ ಇಂತಹದೇ ಅನಾಹುತವಾಗಿ ನಾಲ್ವರು ಸತ್ತರು. ಅವರಲ್ಲಿ ಆರು ವರ್ಷದ ಹೆಣ್ಣುಮಗುವೂ ಒಬ್ಬಳು. ಸಾಮಾನ್ಯ ಎಕ್ಸ್‌ರೇ ಯಂತ್ರದಲ್ಲಿ ಇಂತಹ ಸದಾ ಉರಿಯುವ ವಸ್ತು ಇರುವುದಿಲ್ಲ. ಅರ್ಬುದ ಚಿಕಿತ್ಸೆಯ ಕೆಲವು ಯಂತ್ರಗಳಲ್ಲಿ ಇರುತ್ತದೆ. ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂದು ಆಸ್ಪತ್ರೆಯ ಉಗ್ರಾಣದವನಿಗೂ ತಿಳಿದಿರಬೇಕೆಂಬುದು ನಮ್ಮ ವಾದ.

ಕಾನೂನಿಗೆ ಕೊರತೆಯಿಲ್ಲ. ಅಣುಶಕ್ತಿ ನಿಯಂತ್ರಣ ಮಂಡಳಿ 1983ರ ನವೆಂಬರ್ 15ರಂದು ಸ್ಥಾಪನೆಯಾಯಿತು. 2004ರಲ್ಲಿ ವಿಕಿರಣ ರಕ್ಷಣೆಯ ನಿಯಮಾವಳಿ ಬಂತು. ಮಂಡಳಿಯ ಪರವಾನಗಿಯಿಲ್ಲದೆ ಎಕ್ಸ್‌ರೇ ಯಂತ್ರ ನಡೆಸುವಂತಿಲ್ಲ, ವಿಕಿರಣ ಸುರಕ್ಷಾಧಿಕಾರಿಯೊಬ್ಬ ಇರಲೇಬೇಕು, ಬಾಗಿಲಿಗೆ ಎಚ್ಚರಿಕೆಯ ಚಿಹ್ನೆಯೂ ಕೆಂಪು ದೀಪವೂ ಬೇಕು. ಕೇರಳದಲ್ಲಂತೂ ಇದಕ್ಕಾಗಿಯೇ ವಿಕಿರಣ ಸುರಕ್ಷಾ ನಿರ್ದೇಶನಾಲಯ ಇದೆ. ಇಂತಹ ಇಲಾಖೆಯನ್ನು ತೆರೆಯುವುದರಲ್ಲಿ ಕೇರಳ ಇತರ ರಾಜ್ಯಗಳಿಗಿಂತ ಮುಂದಿತ್ತೆಂಬುದನ್ನು ನಾವು ಮೆಚ್ಚಿಕೊಳ್ಳುತ್ತೇವೆ. ಆದರೆ ಪರವಾನಗಿ ಯಂತ್ರಕ್ಕೆ ಸಿಗುತ್ತದೆ, ಅರಿವು ಮನುಷ್ಯನಿಗೆ ಬರಬೇಕು. ಚಿಕ್ಕ ಮಗುವಿನ ಎಕ್ಸ್‌ರೇ ತೆಗೆಯುವಾಗ ಮಗುವನ್ನು ಹಿಡಿದುಕೊಳ್ಳಲು ಪ್ರತಿದಿನವೂ ಅದೇ ಆಯಾಳನ್ನು ಕರೆಯುವುದು ತಪ್ಪು, ಮಗುವಿನ ತಂದೆಯನ್ನೋ ಬಸುರಿಯಲ್ಲದ ಹೆಂಗಸೊಬ್ಬರನ್ನೋ ಸೀಸದ ಮೇಲಂಗಿ ತೊಡಿಸಿ ನಿಲ್ಲಿಸಬೇಕು ಎಂಬುದನ್ನು ಯಾವ ಪರವಾನಗಿಯ ಕಾಗದವೂ ತಾನಾಗಿ ಬಂದು ಹೇಳುವುದಿಲ್ಲ.

ಓದುಗರ ಪಾಲಿಗೂ ಕೆಲಸವಿದೆ. ನಮ್ಮ ಜನ ಇಂದು ಕಾಸರಗೋಡಿನಲ್ಲಿ, ನಾಳೆ ಮಂಗಳೂರಿನಲ್ಲಿ, ನಾಡಿದ್ದು ಇನ್ನೊಬ್ಬ ತಜ್ಞರಲ್ಲಿ ತೋರಿಸುವುದು ರೂಢಿ. ಹೋದಲ್ಲೆಲ್ಲ ಅದೇ ಎದೆಯ, ಅದೇ ಬೆನ್ನಿನ ಚಿತ್ರವನ್ನು ಮತ್ತೆ ತೆಗೆಯುತ್ತಾರೆ. ಹಳೆಯ ಫಿಲ್ಮು, ಸಿ.ಟಿ.ಯ ಮುದ್ರಿಕೆ ಮನೆಯ ಅಟ್ಟದಲ್ಲಿ ಧೂಳು ತಿನ್ನುತ್ತಿರುತ್ತದೆ. ಅದನ್ನು ಜೊತೆಗೆ ಕೊಂಡುಹೋಗಿ, 'ಇದು ಸಾಕಾಗುವುದಿಲ್ಲವೇ ಡಾಕ್ಟ್ರೇ?' ಎಂದು ವಿನಯದಿಂದ ಕೇಳಿದರೆ ಹಣವೂ ಉಳಿಯುತ್ತದೆ, ವಿಕಿರಣವೂ ತಪ್ಪುತ್ತದೆ. ಇನ್ನೊಂದು ಕಡೆ, ತಲೆನೋವಿಗೆಲ್ಲ 'ಸ್ಕ್ಯಾನಿಂಗ್ ಬರೆದುಕೊಡಿ' ಎಂದು ವೈದ್ಯರನ್ನು ಪೀಡಿಸುವವರೂ ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಕೈಗಾದ ಅಣುಸ್ಥಾವರದ ವಿಕಿರಣದ ಬಗ್ಗೆ ಚಹಾದ ಅಂಗಡಿಯಲ್ಲಿ ಗಂಟೆಗಟ್ಟಲೆ ಚರ್ಚಿಸುವ ಇವರಿಗೆ, ಕಾರಣವಿಲ್ಲದೆ ತಾವೇ ಕೇಳಿ ಪಡೆದ ಸಿ.ಟಿ.ಯ ವಿಕಿರಣ ಕಾಣದಿರುವುದು ವಿಚಿತ್ರ.

ಸರಕಾರಿ ಆಸ್ಪತ್ರೆಗಳ ನಿರ್ವಹಣಾ ಸಮಿತಿಗಳಲ್ಲಿ ನಾವು ಆರಿಸಿ ಕಳುಹಿಸಿದ ಸ್ಥಳೀಯ ಪ್ರತಿನಿಧಿಗಳಿದ್ದಾರೆ. ಶೌಚಾಲಯ, ಆ್ಯಂಬುಲೆನ್ಸ್, ಔಷಧಗಳ ಚರ್ಚೆಯ ಬಳಿಕ ಮುಂದಿನ ಸಭೆಯಲ್ಲಿ ಅವರು ಕೆಲವು ಪ್ರಶ್ನೆಗಳನ್ನು ಕೇಳಲಿ. ಕಳೆದ ತ್ರೈಮಾಸಿಕದ ಬ್ಯಾಡ್ಜ್ ವರದಿ ಬಂದಿದೆಯೇ, ಅದನ್ನು ಸಿಬ್ಬಂದಿಗೆ ತೋರಿಸಿದ್ದೀರಾ? ಸೀಸದ ಮೇಲಂಗಿಗಳನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ? ಗುತ್ತಿಗೆಯ ಸಿಬ್ಬಂದಿಗೂ ಬ್ಯಾಡ್ಜ್ ಇದೆಯೇ, ಅಥವಾ ಖಾಯಂ ನೌಕರರಿಗೆ ಮಾತ್ರವೇ? ಬಾಗಿಲ ಮೇಲಿನ ಫಲಕದಲ್ಲಿ ಕನ್ನಡ ಇದೆಯೇ? ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಯಿಸಿಕೊಳ್ಳಲಿ. ಹಾಗೆ ಬರೆಯಿಸಿಕೊಂಡ ಉತ್ತರಗಳನ್ನು ಕಳುಹಿಸಿಕೊಟ್ಟರೆ ಈ ಪತ್ರಿಕೆಯಲ್ಲಿ ಪ್ರಕಟಿಸಲು ನಮಗೆ ಸಂತೋಷವೇ.